ಅರಣೆಯ ಗುರುತು: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದ ಗೆರೆಯುಳ್ಳ ಹಾವುರಾಣಿಗಳ ಜನಪದ ಹಾಗೂ ಶಾಸ್ತ್ರೀಯ ವರ್ಗೀಕರಣ

ತುಳುನಾಡಿನ ಜನಪದ ಸಾಮಗ್ರಿಯ ಸಂಗ್ರಹಕಾರ್ಯಕ್ಕೆ ಒಂದು ಶತಮಾನಕ್ಕೂ ಮಿಗಿಲಾದ ಇತಿಹಾಸವಿದೆ. ಪಾಡ್ದನ, ಸಂಧಿ, ಗಾದೆ, ಒಗಟು, ಆರಾಧನೆ, ಕುಣಿತ ಇವುಗಳ ಕುರಿತು ಗಂಭೀರವಾದ ಅಧ್ಯಯನಗಳು ಬಂದಿವೆ. ಆದರೆ ಇದೇ ಸಾಮಗ್ರಿಯಲ್ಲಿ ಹಾಸುಹೊಕ್ಕಾಗಿ ಬರುವ ಪ್ರಾಣಿ, ಪಕ್ಷಿ, ಕೀಟಗಳ ವಿಷಯಕ್ಕೆ ಬಂದಾಗ ನಮ್ಮ ಸಂಗ್ರಹಗಳು ಬಹುಮಟ್ಟಿಗೆ ಒಂದೇ ಮಾತನ್ನು ಹೇಳಿ ಮುಗಿಸುತ್ತವೆ: 'ಒಂದು ಜಾತಿಯ ಹಕ್ಕಿ', 'ಒಂದು ಜಾತಿಯ ಮೀನು', 'ಒಂದು ಜಾತಿಯ ಹಲ್ಲಿ'. ಈ ದೋಷದಿಂದ ಪ್ರಸ್ತುತ ಲೇಖಕನೂ ಮುಕ್ತನಲ್ಲ. ನನ್ನ ಡಾಕ್ಟರೇಟ್ ಮಹಾಪ್ರಬಂಧದ ಅನುಬಂಧದಲ್ಲಿರುವ ಪದಪಟ್ಟಿಯಲ್ಲಿ 'ಅರಣೆ' ಎಂಬ ಪದದ ಎದುರು 'ಒಂದು ಜಾತಿಯ ಹಲ್ಲಿ. ವಿಷಕಾರಿ ಎಂಬ ನಂಬಿಕೆಯಿದೆ' ಎಂದಷ್ಟೇ ಬರೆದಿದ್ದೇನೆ. ಪರೀಕ್ಷಕರಾಗಲಿ ಅನಂತರದ ಓದುಗರಾಗಲಿ ಅದನ್ನು ಪ್ರಶ್ನಿಸಲಿಲ್ಲ. ಪ್ರಶ್ನೆ ಬಂದದ್ದು ಬೆಳ್ತಂಗಡಿ ತಾಲೂಕಿನ ಒಂದು ಬೈಲಿನಲ್ಲಿ.

ಏಣೆಲ್ ಕೊಯ್ಲು ಮುಗಿದ ದಿನಗಳು. ಗದ್ದೆಯ ಒಂದು ಮೂಲೆಯಲ್ಲಿ ವರ್ಷವಿಡೀ ಒರತೆಯ ನೀರು ನಿಂತು ಕಾಲಿಟ್ಟರೆ ಹೂತುಹೋಗುವಂತಹ ಜೌಗು. ಅದರ ಅಂಚಿನ ಪುಣಿಯ ಮೇಲೆ, ಎಂದರೆ ಗದ್ದೆಯ ಬದುವಿನ ಮೇಲೆ, ಬೆರಳುದ್ದದ ಪ್ರಾಣಿಯೊಂದು ಬಿಸಿಲು ಕಾಯುತ್ತಿತ್ತು. ಕಂಚಿನ ಮೈ, ಕಣ್ಣಿನ ಹಿಂದಿನಿಂದ ಬಾಲದ ಬುಡದವರೆಗೆ ಎರಡೂ ಬದಿ ಸಾಗಿದ ತಿಳಿಗೆರೆ, ಅದರ ಕೆಳಗೆ ಕಪ್ಪು ಪಟ್ಟಿ. ಜೊತೆಯಲ್ಲಿದ್ದ ವೃದ್ಧೆ 'ಅರಣೆ' ಎಂದರು. ಹೇಳುತ್ತಲೇ ಮೊಮ್ಮಗನ ಕೈ ಹಿಡಿದು ಹಿಂದಕ್ಕೆಳೆದರು. ಶಾಲೆಗೆ ಹೋಗುವ ಆ ಹುಡುಗ 'ಅದು ಹಾವುರಾಣಿ' ಎಂದ. ತೋಟದ ಕಡೆಯಿಂದ ಬಂದ ಮನೆಯ ಯಜಮಾನರು, ಅರಣೆಯೆಂದರೆ ಬಾಲ ಕೆಂಪಾಗಿರುವುದು, ಇದು ಅದಲ್ಲ ಎಂದರು. ಒಂದೇ ಪ್ರಾಣಿಯ ಮುಂದೆ ನಿಂತು ಮೂವರು ಮೂರು ಬಗೆಯಾಗಿ ಹೇಳಿದಾಗ, ನನ್ನ ಪದಪಟ್ಟಿಯ 'ಒಂದು ಜಾತಿಯ ಹಲ್ಲಿ' ಯಾವ ಪ್ರಯೋಜನಕ್ಕೂ ಬಾರದೆಂಬುದು ಮನದಟ್ಟಾಯಿತು. ಆ ಮೂವರಲ್ಲಿ ಸರಿಯಾರು, ಸರಿಯೆಂದು ತೀರ್ಮಾನಿಸುವ ಬಗೆ ಯಾವುದು ಎಂಬುದೇ ಈ ಲೇಖನದ ವಿಷಯ.

ನಿಘಂಟುಗಳ ಅರಣೆ

ಅರಣೆ ದಕ್ಷಿಣದ ಹಲವು ದ್ರಾವಿಡ ಭಾಷೆಗಳಿಗೆ ಸಮಾನವಾದ ಪದ. ತಮಿಳಿನಲ್ಲಿ ಅರಣೈ, ಮಲಯಾಳದಲ್ಲಿ ಅರಣ, ಕನ್ನಡ ಮತ್ತು ತುಳುವಿನಲ್ಲಿ ಅರಣೆ. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶ ಈ ರೂಪಗಳನ್ನು ಒಂದೇ ನಮೂದಿನಡಿ ತರುತ್ತದೆ. ಆ ನಮೂದಿನೊಳಗಿನ ಅರ್ಥವಿವರಣೆಗಳನ್ನು ಹೋಲಿಸಿ ನೋಡಿದರೆ ಕುತೂಹಲಕರವಾದ ಸಂಗತಿ ಕಾಣುತ್ತದೆ. ತಮಿಳಿನ ಅರಣೈ ನುಣುಪು ಮೈಯ, ಗೆರೆಗಳುಳ್ಳ ಪ್ರಾಣಿ. ಮಲಯಾಳದ ಅರಣ ಹಸಿರು ಬಣ್ಣದ್ದು. ಕನ್ನಡದ ಅರಣೆ ಹಸಿರು ಛಾಯೆಯದು ಮತ್ತು ನೆಕ್ಕಿದರೆ ವಿಷವೇರುತ್ತದೆಂದು ಜನ ಹೇಳುವಂಥದ್ದು. ಒಂದೇ ಪದಕ್ಕೆ ಮೂರು ಚಿತ್ರಗಳು. ಇವುಗಳ ಹಿಂದೆ ಇರುವವು ಹತ್ತೊಂಬತ್ತನೆಯ ಶತಮಾನದ ಕೋಶಗಳು. ಗುಂಡರ್ಟರ ಮಲಯಾಳ ನಿಘಂಟು (1872), ಮ್ಯಾನರರ ತುಳು ನಿಘಂಟು (1886), ಕಿಟೆಲ್ಲರ ಕನ್ನಡ ನಿಘಂಟು (1894) ಈ ಮೂರೂ ಬಾಸೆಲ್ ಮಿಶನ್ನಿನ ಕೊಡುಗೆಗಳು, ಮೂರೂ ಮಂಗಳೂರಿನಲ್ಲಿ ಬೆಳಕು ಕಂಡವು ಎಂಬುದು ಗಮನಾರ್ಹ. ಈ ಕೋಶಕಾರರ ಶ್ರಮಕ್ಕೆ ನಾವೆಲ್ಲ ಋಣಿಗಳು. ಆದರೆ ಅವರ ಕಾಲದಲ್ಲಿ ಇಂತಹ ಪ್ರಾಣಿಗಳಿಗೆ ಕೊಡುತ್ತಿದ್ದ ಲ್ಯಾಟಿನ್ ಹೆಸರು ಬಹುತೇಕ ಲಿನ್ನೇಯಸನ 'ಲಾಸೆರ್ಟಾ'. 1758ರ ತನ್ನ ಗ್ರಂಥದಲ್ಲಿ ಲಿನ್ನೇಯಸ್ ಮೊಸಳೆಯನ್ನೂ ಲಾಸೆರ್ಟಾ ಕುಲದಲ್ಲೇ ಇರಿಸಿದ್ದನು. ಅಷ್ಟು ವಿಶಾಲವಾದ ಹೆಸರಿನಿಂದ ಪುಣಿಯ ಮೇಲಿನ ಪ್ರಾಣಿಯನ್ನು ಗುರುತಿಸುವುದು ಸಾಧ್ಯವಿಲ್ಲ.

ಇನ್ನೊಂದು ತೊಡಕು ಹೆಚ್ಚು ಸೂಕ್ಷ್ಮವಾದುದು. 'ಒಂದು ಜಾತಿಯ ಹಲ್ಲಿ' ಎಂಬ ನಮ್ಮ ವಿವರಣೆ ನಿಜವಾಗಿ ಕನ್ನಡದ ಮಾತಲ್ಲ, ಇಂಗ್ಲಿಷ್ ಕೋಶದ ಅನುವಾದ. ಇಂಗ್ಲಿಷಿನಲ್ಲಿ ಈ ಎಲ್ಲ ನಾಲ್ಕು ಕಾಲಿನ ಸರೀಸೃಪಗಳನ್ನೂ ಒಳಗೊಳ್ಳುವ 'ಲಿಜರ್ಡ್' ಎಂಬ ಮೇಲ್ವರ್ಗದ ಪದವಿದೆ. ತುಳುವಿನ ಆಡುಮಾತಿನಲ್ಲಿ ಅಂತಹ ಪದ ಬಳಕೆಯಲ್ಲಿಲ್ಲ. ಇರುವುದು ಪಲ್ಲಿ, ಓಂತಿ, ಉಡು, ಅರಣೆ ಎಂಬ ಸಮಾನಸ್ಥಾನದ ನಾಲ್ಕು ಹೆಸರುಗಳು. ಕನ್ನಡದಲ್ಲಿಯೂ ಹಲ್ಲಿ, ಓತಿ, ಉಡ, ಹಾವುರಾಣಿ ಎಂದು ಹಾಗೆಯೇ. ಅರಣೆಯನ್ನು ಪಲ್ಲಿಯ ಒಂದು ಬಗೆ ಎನ್ನುವುದು ತುಳುವರ ಕಿವಿಗೆ ಕಾಗೆಯನ್ನು ಕೋಳಿಯ ಒಂದು ಬಗೆ ಎಂದಂತೆ ಕೇಳಿಸುತ್ತದೆ. ಪಲ್ಲಿ ಗೋಡೆಯದು, ಲೊಚಗುಟ್ಟಿ ಶಕುನ ಹೇಳುವುದು. ಅರಣೆಗೆ ಶಕುನದ ಸಂಬಂಧವಿಲ್ಲ, ಅದು ನೆಲದ್ದು, ಹಾವಿನ ಕಡೆಯದು.

ಈ ನಾಲ್ಕು ಹೆಸರುಗಳನ್ನು ಪ್ರಾಣಿಶಾಸ್ತ್ರದ ಪಕ್ಕದಲ್ಲಿಟ್ಟಾಗ ಮತ್ತೊಂದು ವಿಷಯ ಸ್ಪಷ್ಟವಾಗುತ್ತದೆ. ಪಲ್ಲಿ ಗೆಕ್ಕೋ ಕುಟುಂಬ, ಓಂತಿ ಅಗಾಮಿಡೇ, ಉಡು ವರಾನಿಡೇ, ಅರಣೆ ಸಿಂಕಿಡೇ. ನಾಲ್ಕು ಜನಪದ ಹೆಸರುಗಳು, ನಾಲ್ಕು ಶಾಸ್ತ್ರೀಯ ಗುಂಪುಗಳು. ಗೆರೆ ಎಳೆದಂತೆ ಹೊಂದಿಕೆಯಾಗುತ್ತವೆ. 'ಒಂದು ಜಾತಿಯ ಹಲ್ಲಿ' ಎಂದು ಬರೆಯುವ ಸಂಶೋಧಕ ಈ ನಿಖರತೆಯನ್ನೇ ಅಳಿಸಿಹಾಕುತ್ತಾನೆ. ವಿವರಿಸಲು ಹೋಗಿ ಮಾಹಿತಿದಾರರಿಗಿಂತ ಕಡಮೆ ಹೇಳಿದಂತಾಗುತ್ತದೆ.

ಹಾವುರಾಣಿ ಎಂಬ ರೂಪದ ಬಗ್ಗೆ ಒಂದು ಮಾತು. ಶಾಲಾಪುಸ್ತಕಗಳ ಮೂಲಕ ಕರಾವಳಿಗೂ ವ್ಯಾಪಿಸಿದ ಈ ಹೆಸರನ್ನು ಕೇಳಿ 'ಹಾವುಗಳ ರಾಣಿ' ಎಂಬ ಅರ್ಥವನ್ನು ಕಲ್ಪಿಸಿ ಅದರ ಸುತ್ತ ಕತೆ ಹೆಣೆಯುವವರಿದ್ದಾರೆ. ಕನ್ನಡದಲ್ಲಿ ಅರಣೆಗೆ 'ರಣೆ' ಎಂಬ ರೂಪವೂ ಉಂಟು. ತಮಿಳಿನಲ್ಲಿ ಪಾಂಬರಣೈ ಎಂಬ ಸಮಾಸಪದವಿದೆ. ಅಲ್ಲಿನ ಆಡುಮಾತಿನಲ್ಲಿ ಅದು ಪಾಂಬುರಾಣಿ ಎಂದಾಗಿದೆ. ಇದನ್ನು ನೋಡಿದರೆ ಕನ್ನಡದಲ್ಲಿಯೂ ಹಾವು ಮತ್ತು ಅರಣೆ ಸೇರಿ ಹಾವರಣೆಯಾಗಿ, ಅರಣೆಯ ಅರ್ಥ ಮರೆತ ಕಡೆಗಳಲ್ಲಿ ಜನ ಅದನ್ನು ರಾಣಿಯನ್ನಾಗಿ ಮಾಡಿಕೊಂಡರೆಂದು ಊಹಿಸುವುದು ಯುಕ್ತ. ಹಾಗಾದರೆ ಆ ವೃದ್ಧೆಯೂ ಮೊಮ್ಮಗನೂ ಹೇಳಿದ್ದು ಒಂದೇ ಪದ. ಅವರಿಬ್ಬರ ನಡುವಣ ಭೇದ ಪ್ರಾಣಿಯದಲ್ಲ, ಮಾತಿನದು.

ಬೈಲು, ಮಜಲು, ಬೆಟ್ಟು

ಮೂರನೆಯವರ ಮಾತನ್ನು ತೂಗಿ ನೋಡುವ ಮುನ್ನ ನೆಲದ ಪರಿಚಯ ಅಗತ್ಯ. ಬಂಟ್ವಾಳ ನೇತ್ರಾವತಿಯ ದಂಡೆಯ ಸೀಮೆ. ಬೆಳ್ತಂಗಡಿ ಚಾರ್ಮಾಡಿ, ಕುದುರೆಮುಖಗಳ ತಪ್ಪಲು. ಮೂಡುಬಿದಿರೆ ಮುರಕಲ್ಲಿನ ಪದವುಗಳ ಮತ್ತು ಅವುಗಳ ನಡುವಣ ಇಳಿಜಾರುಗಳ ಊರು. ಮೂರೂ ಕಡೆ ನೆಲವನ್ನು ನೀರಿನ ಆಧಾರದ ಮೇಲೆ ವಿಂಗಡಿಸುವ ಕ್ರಮ ಒಂದೇ. ತಗ್ಗಿನಲ್ಲಿ, ತೋಡಿನ ಬದಿಯಲ್ಲಿ ಇರುವುದು ಬೈಲು. ನೀರು ಸಾಕಷ್ಟಿದ್ದಲ್ಲಿ ಏಣೆಲ್, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆ. ಅದರ ಮೇಲಿನ ಮೆಟ್ಟಿಲು ಮಜಲು, ಎರಡು ಬೆಳೆ. ಎಲ್ಲಕ್ಕಿಂತ ಮೇಲಿನದು ಮಳೆಯನ್ನೇ ನಂಬಿದ ಬೆಟ್ಟು, ಒಂದು ಬೆಳೆ. ಕಂದಾಯದ ದಾಖಲೆಗಳಲ್ಲಿಯೂ ನೆಲೆನಿಂತಿರುವ ಈ ವಿಂಗಡಣೆಯನ್ನು ನಾವು ಕೃಷಿಯ ವಿಷಯವೆಂದು ಭಾವಿಸಿದ್ದೇವೆ. ಇದು ಜೀವಿಗಳ ನೆಲೆಗಳ ವಿಂಗಡಣೆಯೂ ಹೌದು.

ಜೌಗಿನ ಅರಣೆ ಎಂದೊಡನೆ ನೀರಿನಲ್ಲಿ ವಾಸಿಸುವ ಪ್ರಾಣಿಯೆಂದು ತಿಳಿಯಬಾರದು. ಬೈಲಿನ ಕೆಸರು ಅದಕ್ಕೆ ಊಟದ ಮನೆ. ಮಿಡತೆ, ಜೇಡ, ಹುಳುಹುಪ್ಪಟೆಗಳು ಅಲ್ಲಿ ಹೇರಳ. ವಾಸ ಮಾತ್ರ ಪುಣಿಯಲ್ಲಿ: ಹುಲ್ಲಿನ ಬುಡ, ಏಡಿಯ ಹಳೆಯ ಬಿಲ, ಕಲ್ಲಿನ ಸಂದು. ಶೀತರಕ್ತದ ಪ್ರಾಣಿಯಾದ್ದರಿಂದ ಬಿಸಿಲು ಕಾಯದೆ ಅದು ಚುರುಕಾಗದು. ಮೊಟ್ಟೆಯಿಡಲು ತೇವವಿದ್ದೂ ನೀರು ನಿಲ್ಲದ ಸಡಿಲ ಮಣ್ಣು ಬೇಕು. ಇವೆರಡನ್ನೂ ಒದಗಿಸುವುದು ಪುಣಿ. ಆದುದರಿಂದ ಅರಣೆಯ ದೃಷ್ಟಿಯಿಂದ ಬೈಲು ಎಂದರೆ ಕೆಸರೂ ಬದುವೂ ಕೂಡಿದ ಒಂದು ಘಟಕ. ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಂತಹ ಕಡೆಗಳ ರಾಮಪತ್ರೆ ಜಡ್ಡಿಗಳಿಗೆ, ಅಂದರೆ ಕಾಡಿನೊಳಗಿನ ಜೌಗುಗಳಿಗೆ ಸಂಶೋಧಕರ ಗಮನ ಸಾಕಷ್ಟು ದೊರೆತಿದೆ. ಮನುಷ್ಯನೇ ಕಟ್ಟಿದ, ಆದರೆ ಶತಮಾನಗಳಿಂದ ನಿಂತಿರುವ ಬೈಲುಗಳಿಗೆ ಆ ಭಾಗ್ಯ ಬಂದಿಲ್ಲ. ಕೂಲಿಯಾಳುಗಳ ಅಭಾವ, ಅಡಿಕೆಯ ಬೆಲೆ ಈ ಕಾರಣಗಳಿಂದ ಗದ್ದೆಗಳು ಕಣಿ ತೋಡಿ ಮಣ್ಣು ತುಂಬಿದ ತೋಟಗಳಾಗಿವೆ. ಗುಡ್ಡೆಗಳಲ್ಲಿ ರಬ್ಬರ್ ಬಂದಿದೆ. ತೋಟದ ತರಗೆಲೆಯಲ್ಲಿ ಅರಣೆಗಳಿಲ್ಲವೆಂದಲ್ಲ, ಇವೆ. ಅಲ್ಲಿರುವುದು ಪುಣಿಯ ಅರಣೆಯೇ ಎಂಬುದು ಬೇರೆ ಪ್ರಶ್ನೆ.

ಗೆರೆ ಮತ್ತು ಹುರುಪೆ

ಅರಣೆ ಎಂಬ ಒಂದು ಹೆಸರಿನಡಿ ಈ ಸೀಮೆಯಲ್ಲಿ ಸಾಮಾನ್ಯವಾಗಿ ಕಾಣಸಿಗುವ ಪ್ರಭೇದಗಳು ಮುಖ್ಯವಾಗಿ ಮೂರು.

ಮೊದಲನೆಯದು ಯುಟ್ರೋಪಿಸ್ ಕ್ಯಾರಿನೇಟಾ. 1801ರಲ್ಲಿ ಷ್ನೈಡರ್ ವರ್ಣಿಸಿದ್ದು. ಮೂತಿಯಿಂದ ಗುದದ್ವಾರದವರೆಗೆ 12 ಸೆಂಟಿಮೀಟರಿನಷ್ಟು ಬೆಳೆಯಬಲ್ಲ, ದಪ್ಪ ಮೈಯ, ಕಂಚಿನ ಬಣ್ಣದ ಅರಣೆ. ಬೆನ್ನಿನ ಹುರುಪೆಗಳ ಮೇಲೆ ಏಣುಗಳಿರುತ್ತವೆ; ಕ್ಯಾರಿನೇಟಾ ಎಂಬ ಹೆಸರಿನ ಅರ್ಥವೇ ಏಣುಳ್ಳದ್ದು ಎಂದು. ಒಂದೊಂದು ಹುರುಪೆಯ ಮೇಲೆ ಸಾಮಾನ್ಯವಾಗಿ ಮೂರು, ಕೆಲವೊಮ್ಮೆ ಐದು ಅಥವಾ ಹೆಚ್ಚು. ಮೈಯ ನಡುಭಾಗವನ್ನು ಸುತ್ತುವ ಹುರುಪೆಗಳ ಸಾಲು 30ರಿಂದ 34. ಎರಡನೆಯದು ಯುಟ್ರೋಪಿಸ್ ಮ್ಯಾಕುಲೇರಿಯಾ, 1853ರಲ್ಲಿ ಬ್ಲೈತ್ ವರ್ಣಿಸಿದ್ದು. ಗಾತ್ರದಲ್ಲಿ ಇದು ಬಹಳ ಚಿಕ್ಕದು. ಹುರುಪೆಯ ಏಣುಗಳು ಐದಕ್ಕೆ ಕಡಮೆಯಿಲ್ಲ. ಮೂರನೆಯದು ರಿಯೋಪಾ ಪಂಕ್ಟೇಟಾ. ನೀಳವಾದ ಮೈ, ಗಿಡ್ಡ ಕಾಲು, ಎಣ್ಣೆ ಸವರಿದಂತೆ ಹೊಳೆಯುವ ನುಣುಪು ಹುರುಪೆ. ಸಾಲುಗಳು 24ರಿಂದ 26. ಬೆನ್ನಿನ ಮೇಲೆ ಚುಕ್ಕಿಗಳು ಸಾಲುಗಟ್ಟಿ ಗೆರೆಗಳಂತೆ ಕಾಣುತ್ತವೆ. ಕೆಳರೆಪ್ಪೆಯಲ್ಲಿ ಕಿಟಕಿಯಂತಹ ಪಾರದರ್ಶಕ ಬಿಲ್ಲೆಯಿದ್ದು, ಕಣ್ಣು ಮುಚ್ಚಿದಾಗಲೂ ಅದಕ್ಕೆ ಬೆಳಕು ತಿಳಿಯುತ್ತದೆ. ಇದರ ಮರಿಗಳ ಬಾಲ ಕಡು ಕೆಂಪು.

ತೋಟದಿಂದ ಬಂದ ಯಜಮಾನರ 'ನಿಜವಾದ ಅರಣೆ' ಇದೇ. ಅವರ ಮಾತು ನಿರಾಧಾರವಲ್ಲ. ಸಂಸ್ಕೃತ ಕೋಶಗಳು ಬ್ರಾಹ್ಮಣೀ ಎಂಬ ಪ್ರಾಣಿಗೆ ರಕ್ತಪುಚ್ಛಿಕಾ, ಎಂದರೆ ಕೆಂಪು ಬಾಲದ್ದು, ಎಂಬ ಪರ್ಯಾಯವನ್ನು ಕೊಡುತ್ತವೆ. ಹಿಂದಿಯ ಬಭನೀ ಎಂಬ ಹೆಸರು ಆ ಮೂಲದ್ದೇ. ಕೆಂಪು ಬಾಲದಿಂದ ಅರಣೆಯನ್ನು ಗುರುತಿಸುವುದು ಹಳೆಯ ಕ್ರಮ. ಆದರೆ ಬಾಲದ ಕೆಂಪು ಮರಿಗಳ ಲಕ್ಷಣ, ಪ್ರಾಯಕ್ಕೆ ಬಂದಂತೆ ಮಾಸುತ್ತದೆ. ಅದು ವಯಸ್ಸಿನ ಗುರುತೇ ಹೊರತು ಪ್ರಭೇದದ ಪೂರ್ಣ ಗುರುತಲ್ಲ. ಯಜಮಾನರು ತೋಟದ ಒಂದು ಪ್ರಭೇದದ ಮರಿಯನ್ನು ಅರಣೆಯ ಮಾದರಿಯಾಗಿ ಇರಿಸಿಕೊಂಡಿದ್ದರು. ಪುಣಿಯ ಪ್ರಾಣಿ ಆ ಮಾದರಿಗೆ ಹೊಂದಲಿಲ್ಲ.

ಗೆರೆಯ ವಿಷಯವೂ ಹೀಗೆಯೇ. ಕ್ಯಾರಿನೇಟಾದ ಎಳೆಯವುಗಳಲ್ಲಿ ಬದಿಯ ತಿಳಿಗೆರೆ ಎದ್ದು ಕಾಣುತ್ತದೆ, ಬೆಳೆದಂತೆ ಮಸುಕಾಗುತ್ತದೆ. ಬೆದೆಯ ಕಾಲದಲ್ಲಿ ಗಂಡಿನ ಪಕ್ಕೆಗಳಿಗೆ ಕೆಂಪು ಕಿತ್ತಳೆ ಬಣ್ಣವೇರಿ ಗೆರೆ ಹಿಂದೆ ಸರಿಯುತ್ತದೆ. ಒಂದೇ ಪ್ರಭೇದದ ಎಳೆಯದು, ಹೆಣ್ಣು, ಬೆದೆಯ ಗಂಡು ಈ ಮೂರನ್ನೂ ಬೇರೆ ಬೇರೆ ದಿನ ಕಂಡವರು ಮೂರು ಪ್ರಾಣಿಗಳೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಇದಕ್ಕೆ ಪ್ರತಿಯಾಗಿ, ಬೇರೆ ಬೇರೆ ಪ್ರಭೇದಗಳಲ್ಲಿ ಒಂದೇ ಬಗೆಯ ಗೆರೆ ಇರಬಹುದು. ಜೆರ್ಡನ್ 1870ರಲ್ಲಿ ವರ್ಣಿಸಿ ಕರ್ನಲ್ ಬೆಡ್ಡೋಮನ ಹೆಸರಿಟ್ಟ ಯುಟ್ರೋಪಿಸ್ ಬೆಡ್ಡೋಮಿಯೈ ಪಶ್ಚಿಮಘಟ್ಟದ ಗೆರೆಯುಳ್ಳ ಅರಣೆ. ಘಟ್ಟದ ತಪ್ಪಲಿನಲ್ಲಿ ಕೆಲಸ ಮಾಡುವವರು ಅದನ್ನೂ ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಇಂಗ್ಲಿಷ್ ಕೈಪಿಡಿಗಳಲ್ಲಿ 'ಪಟ್ಟೆಯ ಹುಲ್ಲು ಅರಣೆ' ಎಂಬರ್ಥದ ಹೆಸರು ಹೊತ್ತಿರುವುದು ಮಾತ್ರ ಉತ್ತರ ಭಾರತದ ಬಯಲುಸೀಮೆಯ ಯುಟ್ರೋಪಿಸ್ ಡಿಸಿಮಿಲಿಸ್. ಚಿತ್ರಕ್ಕೆ ಚಿತ್ರ ಹೋಲಿಸಿ, ಹುಲ್ಲಿನಲ್ಲಿತ್ತು, ಪಟ್ಟೆಯಿತ್ತು ಎಂಬ ಆಧಾರದ ಮೇಲೆ ಬಂಟ್ವಾಳದ ಪ್ರಾಣಿಗೆ ಆ ಹೆಸರನ್ನು ತಗುಲಿಸಿದರೆ ಗಂಗಾಬಯಲಿನ ಪ್ರಾಣಿಯನ್ನು ನೇತ್ರಾವತಿಗೆ ತಂದುಬಿಟ್ಟಂತಾಗುತ್ತದೆ. ಇದು ಊಹೆಯ ಅಪಾಯವಲ್ಲ. ನಾನೇ ಮೊದಲ ದಿನ ಹಾಗೆ ಬರೆದು, ಮರುವಾರ ಹೊಡೆದುಹಾಕಿದ ಟಿಪ್ಪಣಿ ಇನ್ನೂ ನನ್ನ ಬಳಿ ಇದೆ.

ಹಾಗಾದರೆ ಗುರುತಿಸುವ ಕ್ರಮ ಯಾವುದು? ಹುರುಪೆ ಮೊದಲು, ಗೆರೆ ಕೊನೆಗೆ. ಹುರುಪೆ ನುಣುಪೋ ಏಣುಳ್ಳದ್ದೋ ಎಂಬುದನ್ನು ನೋಡಿದರೆ ರಿಯೋಪಾ ಬೇರ್ಪಡುತ್ತದೆ. ಏಣುಳ್ಳದ್ದಾದರೆ ಏಣುಗಳ ಸಂಖ್ಯೆ, ಅನಂತರ ನಡುಮೈಯ ಸಾಲುಗಳು, ಕೆಳರೆಪ್ಪೆ, ಗಾತ್ರ. ಹುರುಪೆಗಳ ಸಂಖ್ಯೆ ಮರಿಯಲ್ಲಿಯೂ ಮುದಿಯಲ್ಲಿಯೂ ಒಂದೇ ಆಗಿರುವುದರಿಂದ ಅದನ್ನು ನೆಚ್ಚಬಹುದು. ಬೂಲೆಂಜರ್ 1890ರಲ್ಲಿ, ಮಾಲ್ಕಂ ಸ್ಮಿತ್ 1935ರಲ್ಲಿ ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಸಂಪುಟಗಳಲ್ಲಿ ಕೊಟ್ಟ ಕೀಲಿಗಳು ಈ ಲಕ್ಷಣಗಳನ್ನೇ ಆಧರಿಸಿವೆ. ಇವುಗಳನ್ನು ಬಳಸಲು ಪ್ರಾಣಿಯನ್ನು ಹಿಡಿಯಲೇಬೇಕೆಂದಿಲ್ಲ. ಹತ್ತಿರದಿಂದ, ಮೇಲಿನಿಂದ, ಪಕ್ಕದಿಂದ ತೆಗೆದ ಸ್ಪಷ್ಟ ಛಾಯಾಚಿತ್ರದಲ್ಲಿ ಏಣುಗಳನ್ನು ಎಣಿಸಬಹುದು. ಹಿಡಿಯುವ ಕೆಲಸ ಅನುಮತಿ ಪಡೆದ ಪ್ರಾಣಿಶಾಸ್ತ್ರಜ್ಞರಿಗೆ ಬಿಟ್ಟದ್ದು.

ಗ್ರಂಥಾಲಯಗಳಲ್ಲಿ ಹಳೆಯ ಸಂಪುಟಗಳನ್ನು ತೆರೆಯುವವರಿಗೆ ಒಂದು ಸೂಚನೆ. ಯುಟ್ರೋಪಿಸ್ ಎಂಬ ಹೆಸರು ಫಿಟ್ಜಿಂಗರನಿಂದ 1843ರಲ್ಲಿಯೇ ಬಂದಿದ್ದರೂ ಈ ಅರಣೆಗಳು ಬಹುಕಾಲ ಮಬುಯ ಎಂಬ ಕುಲದಡಿ ಇದ್ದವು. ಅಮೆರಿಕ, ಆಫ್ರಿಕ, ಏಷ್ಯಗಳ ಅರಣೆಗಳನ್ನೆಲ್ಲ ಒಂದೇ ಕುಲದಲ್ಲಿ ತುಂಬಿದ್ದ ಆ ವ್ಯವಸ್ಥೆಯನ್ನು 2002ರಲ್ಲಿ ಮೌಸ್‌ಫೆಲ್ಡ್ ಮೊದಲಾದವರು ಒಡೆದ ಬಳಿಕ ಏಷ್ಯದವು ಯುಟ್ರೋಪಿಸ್ ಆದವು. ರಿಯೋಪಾದ ಕತೆ ಇನ್ನೂ ವಿಚಿತ್ರ. ಸ್ಮಿತ್ ರಿಯೋಪಾ ಎಂದ. ಅನಂತರದವರು ಲೈಗೋಸೋಮ ಎಂದರು. 2019ರ ಪರಿಷ್ಕರಣೆಯಲ್ಲಿ ಮತ್ತೆ ರಿಯೋಪಾ. ವೈಜ್ಞಾನಿಕ ಹೆಸರು ಶಾಶ್ವತ, ಜನಪದ ಹೆಸರು ಚಂಚಲ ಎಂಬ ನಮ್ಮ ಸಾಮಾನ್ಯ ಭಾವನೆಯನ್ನು ಈ ಉದಾಹರಣೆ ತಲೆಕೆಳಗು ಮಾಡುತ್ತದೆ. ಇಷ್ಟೆಲ್ಲ ನಡೆಯುವಾಗಲೂ ಅರಣೆ ಅರಣೆಯಾಗಿಯೇ ಇತ್ತು.

ಪ್ರಭೇದಗಳ ಎಣಿಕೆಯೂ ಮುಗಿದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನಿರುದ್ಧ ದತ್ತ-ರಾಯ್, ಪ್ರವೀಣ್ ಕಾರಂತ್ ಮತ್ತು ಸಂಗಡಿಗರು ಡಿಎನ್‌ಎ ಆಧಾರದಿಂದ 2012ರಲ್ಲಿ ಪ್ರಕಟಿಸಿದ ಅಧ್ಯಯನ, ಯುಟ್ರೋಪಿಸ್‌ನ ಪೂರ್ವಜ ಹೊರಗಿನ ಏಷ್ಯದಿಂದ ಭಾರತಕ್ಕೆ ಬಂದು ಇಲ್ಲಿಯೇ ಕವಲೊಡೆಯಿತೆಂದು ತೋರಿಸಿತು. ಮ್ಯಾಕುಲೇರಿಯಾ ಎಂಬ ಒಂದು ಹೆಸರಿನೊಳಗೆ ಒಂದಕ್ಕಿಂತ ಹೆಚ್ಚು ಪ್ರಭೇದಗಳಿವೆ ಎಂಬ ಅಭಿಪ್ರಾಯ ತಜ್ಞರಲ್ಲಿದೆ. ಜೌಗಿನ ಜೀವಿಗಳಲ್ಲಿ ಇಂತಹ ಅಡಗಿದ ವೈವಿಧ್ಯ ನಮ್ಮ ಜಿಲ್ಲೆಗೆ ಹೊಸತೇನಲ್ಲ. ಮಂಗಳೂರಿನ ಸಾಮಾನ್ಯ ನೀರುಗಪ್ಪೆಗಳ ನಡುವೆಯೇ ಇದ್ದ ಯುಫ್ಲಿಕ್ಟಿಸ್ ಅಲೋಯ್ಸಿಐ ಬೇರೆ ಪ್ರಭೇದವೆಂದು ತಿಳಿದದ್ದು 2009ರಲ್ಲಿ. ನಗರದ ಮಧ್ಯೆಯೇ ಸಿಕ್ಕ ಪುಟ್ಟ ಕಪ್ಪೆಗೆ 2018ರಲ್ಲಿ ಮೈಕ್ರೋಹೈಲಾ ಕೊಡಿಯಾಲ್ ಎಂದು ಹೆಸರಿಟ್ಟರು. ಮಂಗಳೂರಿನ ಕೊಂಕಣಿ ಹೆಸರು ಹೀಗೆ ಪ್ರಾಣಿಶಾಸ್ತ್ರದ ಪುಟ ಸೇರಿತು. ಪುಣಿಯ ಅರಣೆಯನ್ನು 'ಸಾಮಾನ್ಯವಾದದ್ದು' ಎಂದು ನೋಡದೆ ಬಿಡುವುದು ಸಲ್ಲದೆಂಬುದಕ್ಕೆ ಈ ಕಪ್ಪೆಗಳು ಸಾಕ್ಷಿ.

ನೆಕ್ಕುವ ನಾಲಗೆ

ವೃದ್ಧೆ ಮೊಮ್ಮಗನನ್ನು ಹಿಂದಕ್ಕೆಳೆದ ಕಾರಣಕ್ಕೆ ಈಗ ಬರಬಹುದು. ಅರಣೆ ಕಚ್ಚಿದರೆ ಒಡನೆ ಮರಣ ಎಂಬ ಅರ್ಥದ ಪ್ರಾಸಬದ್ಧ ಮಾತು ಮಲಯಾಳದಲ್ಲಿ ಪ್ರಸಿದ್ಧ. ನೆಕ್ಕಿದರೆ ಮರಣ ಎಂಬುದು ತಮಿಳಿನ ಪಾಠ. ಕಿಟೆಲ್ ದಾಖಲಿಸಿದ ಕನ್ನಡದ ನಂಬಿಕೆಯೂ ನೆಕ್ಕುವುದನ್ನೇ ಹೇಳುತ್ತದೆ. ಅರಣೆಗೂ ಮರಣಕ್ಕೂ ಇರುವ ಪ್ರಾಸವೇ ಈ ನಂಬಿಕೆಯ ಆಯುಷ್ಯವನ್ನು ಹೆಚ್ಚಿಸಿರಬೇಕೆಂಬುದರಲ್ಲಿ ಸಂಶಯವಿಲ್ಲ. ಕೇರಳದಲ್ಲಿ ಇದಕ್ಕೊಂದು ಪರಿಹಾರವನ್ನೂ ಜನ ಕಂಡುಕೊಂಡಿದ್ದಾರೆ: ಕಚ್ಚಲೆಂದು ಬರುವ ಅರಣೆ ದಾರಿಯಲ್ಲಿಯೇ ಬಂದ ಕಾರಣವನ್ನು ಮರೆತುಬಿಡುತ್ತದೆಯಂತೆ, ಮರೆಗುಳಿತನಕ್ಕೆ ಅಲ್ಲಿ 'ಅರಣಬುದ್ಧಿ' ಎಂದೇ ಹೆಸರು. ಯಾರೂ ಅರಣೆಯಿಂದ ಸತ್ತದ್ದನ್ನು ಕಾಣದ ಸಮಾಜ, ನಂಬಿಕೆಯನ್ನು ಬಿಡದೆಯೇ ಅನುಭವದೊಡನೆ ರಾಜಿ ಮಾಡಿಕೊಂಡ ಬಗೆ ಇದು.

ಭಾರತದ ಯಾವ ಅರಣೆಗೂ ವಿಷವಿಲ್ಲ. ಆದರೆ 'ನೆಕ್ಕುತ್ತದೆ' ಎಂಬ ಭಾಗ ಬರಿಯ ಕಲ್ಪನೆಯಲ್ಲ. ಅರಣೆ ನಡೆಯುತ್ತಾ ನಡೆಯುತ್ತಾ ನಾಲಗೆಯನ್ನು ಹೊರಚಾಚಿ ನೆಲವನ್ನು, ಎಲೆಯನ್ನು ಮುಟ್ಟುತ್ತದೆ. ನಾಲಗೆ ಹೊತ್ತು ತಂದ ವಾಸನೆಯ ಕಣಗಳನ್ನು ಅಂಗುಳಿನಲ್ಲಿರುವ ಜಾಕಬ್‌ಸನ್ ಅಂಗ ಗ್ರಹಿಸುತ್ತದೆ. ಹಾವು ನಾಲಗೆ ಆಡಿಸುವುದೂ ಇದಕ್ಕಾಗಿಯೇ. ಹೊಳೆಯುವ ಹುರುಪೆ, ಮೈ ಬಳುಕಿಸುವ ನಡಿಗೆ, ಚಾಚುವ ನಾಲಗೆ ಇವನ್ನು ಕಂಡ ಜನ ಅರಣೆಯನ್ನು ಹಾವಿನ ಕಡೆಗೆ ಸೇರಿಸಿದರು, ಹಾವಿನ ವಿಷವನ್ನೂ ಅದಕ್ಕೆ ಆರೋಪಿಸಿದರು. ನೋಟ ಸರಿ, ತೀರ್ಮಾನ ತಪ್ಪು. ಜನಪದರು ವಿಜ್ಞಾನವನ್ನು ಮೊದಲೇ ಕಂಡಿದ್ದರೆಂದು ಸಾರುವ ಉತ್ಸಾಹಿಗಳು ಹಾವು ಅರಣೆಗಳ ಈ ನಂಟನ್ನು ವಿಕಾಸವಾದಕ್ಕೆ ಜೋಡಿಸಬಾರದು. ಹಾವುಗಳ ಹತ್ತಿರದ ಬಂಧುಗಳು ಉಡ, ಓತಿಗಳ ಶಾಖೆಯವೇ ಹೊರತು ಅರಣೆಗಳಲ್ಲ.

ನಿಘಂಟುಗಳ ಹೊಣೆ ಇಲ್ಲಿಯೇ ಇದೆ. ನಂಬಿಕೆಯನ್ನು ನಂಬಿಕೆಯೆಂದು ದಾಖಲಿಸುವುದು ಕೋಶಕಾರನ ಧರ್ಮ. ಆದರೆ ಪ್ರಾಣಿಯ ಗುರುತಿನ ಸ್ಥಾನದಲ್ಲಿ ನಂಬಿಕೆಯೊಂದನ್ನೇ ಬರೆದಾಗ ಓದುಗನಿಗೆ ಉಳಿಯುವುದು 'ವಿಷಕಾರಿ' ಎಂಬ ಪದ ಮಾತ್ರ. ನನ್ನ ಪದಪಟ್ಟಿಯೂ ಇದನ್ನೇ ಮಾಡಿತ್ತು. ಕೋಲು ಹಿಡಿದು ಅರಣೆಯನ್ನು ಬಡಿಯುವವನಿಗೆ ಅದು ಗದ್ದೆಯ ಹುಳಗಳನ್ನು ತಿನ್ನುವ ನಿರಪಾಯ ಪ್ರಾಣಿಯೆಂದು ತಿಳಿಸಬಹುದಾಗಿದ್ದ ಒಂದು ಸಾಲು ನಮ್ಮ ಯಾವ ಸಂಗ್ರಹದಲ್ಲಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಹೆಸರೂ ವರ್ಣನೆಯೂ

ಅರಣೆ ಎಂಬ ಹೆಸರಿನೊಳಗೆ ಒಳಭೇದಗಳು ತುಳುವಿನಲ್ಲಿ ಇವೆಯೇ? ಕ್ಷೇತ್ರಕಾರ್ಯದಲ್ಲಿ ಪದೇ ಪದೇ ಕೇಳಬೇಕಾಗಿ ಬಂದ ಪ್ರಶ್ನೆಯಿದು. 'ಬೀಲ ಕೆಂಪು ಉಪ್ಪುನ ಅರಣೆ' ಎಂಬಂತಹ ಉತ್ತರಗಳು ದೊರೆಯುತ್ತವೆ. ಇದು ಹೆಸರಲ್ಲ, ಬಾಲ ಕೆಂಪಾಗಿರುವ ಅರಣೆ ಎಂಬ ವರ್ಣನೆ. ಕೇಳಿದವನಿಗಾಗಿ ಆ ಕ್ಷಣ ಕಟ್ಟಿದ ಮಾತು. ಇಂತಹ ಮಾತುಗಳನ್ನು ಪಟ್ಟಿಮಾಡಿ 'ತುಳುವರು ಐದು ಬಗೆಯ ಅರಣೆಗಳನ್ನು ಗುರುತಿಸುತ್ತಾರೆ' ಎಂದು ಬರೆಯುವುದು ಸುಲಭ; ಅದು ತಪ್ಪು. ಪರೀಕ್ಷೆ ಸರಳ. ಸಂಶೋಧಕ ಇಲ್ಲದಿರುವಾಗ, ಪ್ರಾಣಿ ಕಣ್ಣೆದುರಿಗೆ ಇಲ್ಲದಿರುವಾಗ, ಮನೆಯವರು ತಮ್ಮೊಳಗೆ ಆ ಪದವನ್ನು ಬಳಸುತ್ತಾರೆಯೇ? ಬಳಸಿದರೆ ಹೆಸರು, ಇಲ್ಲವಾದರೆ ವರ್ಣನೆ. ಕೇರೆ, ಕಂದೊಡಿ ಮುಂತಾಗಿ ಹಾವುಗಳಲ್ಲಿ ಸ್ವತಂತ್ರ ಹೆಸರುಗಳು ಸಮೃದ್ಧವಾಗಿರುವ ತುಳುವಿನಲ್ಲಿ ಅರಣೆಗೆ ಒಂದೇ ಹೆಸರು ಸಾಕಾಗಿದೆ. ಹಾವುಗಳಲ್ಲಿ ಭೇದ ತಿಳಿಯದಿದ್ದರೆ ಪ್ರಾಣಕ್ಕೆ ಸಂಚಕಾರ. ಎಲ್ಲ ಅರಣೆಗಳಿಂದಲೂ ದೂರ ನಿಲ್ಲುವವನಿಗೆ ಒಳಭೇದದ ಅಗತ್ಯ ಬೀಳದು. ಬರ್ಲಿನ್, ಬ್ರೀಡ್‌ಲವ್, ರೇವನ್ ಅವರು 1973ರಲ್ಲಿ ಮಂಡಿಸಿದ ಜನಪದ ಜೀವವರ್ಗೀಕರಣದ ತತ್ತ್ವಗಳ ಪ್ರಕಾರ ಅರಣೆ ಒಳವಿಭಾಗವಿಲ್ಲದ ಒಂದು ಮೂಲವರ್ಗ.

ಹೀಗೆ ಜನಪದ ತಜ್ಞನೂ ಪ್ರಾಣಿತಜ್ಞನೂ ಒಂದೇ ಪುಣಿಯ ಮೇಲೆ ನಿಂತು ಕೆಲಸ ಮಾಡಿದ ಮಾದರಿ ಬೇರೆಡೆ ಇದೆ. ನ್ಯೂಗಿನಿಯ ಕಲಮ್ ಜನರ ನಡುವೆ ರಾಲ್ಫ್ ಬುಲ್ಮರ್ ಕಪ್ಪೆಗಳ ವರ್ಗೀಕರಣವನ್ನು ಪ್ರಾಣಿಶಾಸ್ತ್ರಜ್ಞ ಮೈಕೆಲ್ ಟೈಲರ್ ಜೊತೆಗೆ 1968ರಲ್ಲಿಯೂ, ಸರೀಸೃಪ ಮತ್ತು ಮೀನುಗಳದನ್ನು ಮೆನ್ಜೀಸ್, ಪಾರ್ಕರ್ ಜೊತೆಗೆ 1975ರಲ್ಲಿಯೂ ಪ್ರಕಟಿಸಿದರು. ಅಲ್ಲಿ ಪ್ರತಿಯೊಂದು ಜನಪದ ಹೆಸರಿನ ಹಿಂದೆ ಗುರುತಿಸಿದ ಪ್ರಾಣಿಯಿದೆ. ಕನ್ನಡದಲ್ಲಿ ಇಂತಹ ಜಂಟಿ ಹುಡುಕಾಟವನ್ನು ಓದುಗರ ಮನಸ್ಸಿನಲ್ಲಿ ನಿಲ್ಲಿಸಿದ್ದು ಕಾದಂಬರಿ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಹಾರುವ ಓತಿಯನ್ನು ಹುಡುಕಿ ಹೊರಟ ವಿಜ್ಞಾನಿಯ, ಹಳ್ಳಿಗನ ಕತೆ. ನಮ್ಮ ಜಾನಪದ ವಿಭಾಗಗಳು ಆ ಕಾದಂಬರಿಯನ್ನು ಪಾಠ ಹೇಳಿದಷ್ಟು ಅದರ ಕ್ರಮವನ್ನು ಅನುಸರಿಸಲಿಲ್ಲ.

ಬೆಳ್ತಂಗಡಿಯ ಪುಣಿಯ ಪ್ರಾಣಿಗೆ ಮರಳೋಣ. ಅಂದು ತೆಗೆದ ಚಿತ್ರಗಳಲ್ಲಿ ಒಂದರಲ್ಲಿ ಬೆನ್ನಿನ ಹುರುಪೆಗಳು ಸ್ಪಷ್ಟವಾಗಿವೆ. ಏಣುಗಳಿವೆ, ಆದುದರಿಂದ ಅದು ತೋಟದ ಕೆಂಪು ಬಾಲದ ರಿಯೋಪಾ ಅಲ್ಲ. ಅದು ಅದಲ್ಲ ಎಂದ ಯಜಮಾನರ ಕಣ್ಣು ಅಷ್ಟರ ಮಟ್ಟಿಗೆ ಸರಿಯಾಗಿಯೇ ಕಂಡಿತ್ತು, ಅರಣೆಯಲ್ಲ ಎಂದದ್ದು ಮಾತ್ರ ತಪ್ಪಿತು. ಎಣಿಸಿದಲ್ಲೆಲ್ಲ ಹುರುಪೆಗೆ ಮೂರು ಏಣು. ಬೆರಳುದ್ದದ ಗಾತ್ರ, ಎದ್ದು ಕಾಣುವ ಗೆರೆ, ಮೂರು ಏಣು ಇವು ಒಟ್ಟಾಗಿ ಹೇಳುವುದು ಯುಟ್ರೋಪಿಸ್ ಕ್ಯಾರಿನೇಟಾದ ಎಳೆಯದೆಂದು. ನಡುಮೈಯ ಸಾಲುಗಳನ್ನು ಚಿತ್ರದಲ್ಲಿ ಎಣಿಸಲು ಬಾರದು.

ಪದಪಟ್ಟಿಯ ನಮೂದನ್ನು ಈಗ ಹೀಗೆ ತಿದ್ದಿಕೊಂಡಿದ್ದೇನೆ: 'ಅರಣೆ (ತುಳು, ಕನ್ನಡ ಅರಣೆ, ಹಾವುರಾಣಿ): ಸಿಂಕಿಡೇ ಕುಟುಂಬದ ಪ್ರಾಣಿಗಳಿಗೆ ಸಮಾನ ಹೆಸರು, ಪಲ್ಲಿ, ಓಂತಿ, ಉಡುಗಳಿಂದ ಬೇರೆ. ಬೈಲಿನ ಪುಣಿಯಲ್ಲಿ ಕಂಡದ್ದು ಯುಟ್ರೋಪಿಸ್ ಕ್ಯಾರಿನೇಟಾ, ಎಳೆಯದು, ಚಿತ್ರದ ಆಧಾರದಿಂದ, ಹುರುಪೆಯ ಸಾಲು ಎಣಿಸಿಲ್ಲ. ತೋಟದ ಕೆಂಪು ಬಾಲದ ಮರಿ ರಿಯೋಪಾ ಪಂಕ್ಟೇಟಾ. ನಿರ್ವಿಷ. ನೆಕ್ಕಿದರೆ ಮರಣ ಎಂಬ ನಂಬಿಕೆಯಿದೆ.'